ಕ್ಯಾಮೆರಾ ಎಂಬ ರೂಪಕದ ಮಿತಿ

ಫೆಮ್ಟೊಸೆಕೆಂಡ್ ಲೇಸರ್ ಸ್ಪಂದವನ್ನು ‘ಅತಿವೇಗದ ಕ್ಯಾಮೆರಾ’ ಎನ್ನುವುದು ವಿಜ್ಞಾನ ಬರವಣಿಗೆಯಲ್ಲಿ ರೂಢಿಯಾಗಿದೆ. ರಾಸಾಯನಿಕ ಬಂಧ ಮುರಿಯುವುದನ್ನು ಹಂತಹಂತವಾಗಿ ಗುರುತಿಸಿದ, 1999ರ ನೊಬೆಲ್ ಪುರಸ್ಕೃತ ಅಹಮದ್ ಜೆವೈಲ್ ಅವರ ಪ್ರಯೋಗಗಳಿಗೆ ಈ ರೂಪಕ ಬಹುಮಟ್ಟಿಗೆ ಒಪ್ಪುತ್ತದೆ. ತೀವ್ರ ಸ್ಪಂದಗಳಿಗೆ ಒಪ್ಪುವುದಿಲ್ಲ. ಚದರ ಸೆಂಟಿಮೀಟರಿಗೆ ಸುಮಾರು 100 ಲಕ್ಷ ಕೋಟಿ ವ್ಯಾಟ್ ತೀವ್ರತೆಯಲ್ಲಿ ಬೆಳಕಿನ ವಿದ್ಯುತ್ ಕ್ಷೇತ್ರವು ಅಣುವಿನಿಂದ ಎಲೆಕ್ಟ್ರಾನುಗಳನ್ನು ಕಿತ್ತೆಳೆಯುತ್ತದೆ. ಉಳಿದ ಧನ ಅಯಾನುಗಳು ಪರಸ್ಪರ ವಿಕರ್ಷಿಸಿ ಸಿಡಿಯುತ್ತವೆ. ಇದೇ ಕೂಲಂಬ್ ಸ್ಫೋಟ. ಚೂರುಗಳ ವೇಗ, ದಿಕ್ಕುಗಳಿಂದ ಅಣುವಿನ ಆಕಾರವನ್ನು ಊಹಿಸಲಾಗುತ್ತದೆ. ಆದರೆ ಸ್ಪಂದ ದೀರ್ಘವಾದರೆ ಸಿಡಿಯುವ ಮೊದಲೇ ಬಂಧ ಹಿಗ್ಗಿರುತ್ತದೆ. ಚೂರುಗಳು ನುಡಿಯುವ ಸಾಕ್ಷ್ಯ ಮೂಲ ಆಕಾರದ್ದಾಗಿರುವುದಿಲ್ಲ. ಬೆಳಕು ಇಲ್ಲಿ ನೋಟಕನೂ ಹೌದು, ಪಾತ್ರಧಾರಿಯೂ ಹೌದು. ಇದನ್ನು ಮರೆಸುವ ರೂಪಕವು ಓದುಗನಿಗೆ ಫಲಿತಾಂಶವನ್ನು ಕೊಟ್ಟು, ಅದರ ಹಿಂದಿನ ಊಹೆಯನ್ನು ಬಚ್ಚಿಡುತ್ತದೆ.