ತಿಗರಿ ಕೊಡೋದು ಬಾಯಿ, ಹಲಗೆ ಕೊಡೋದು ಹೊಟ್ಟೆ

ಸಂತೆಯಲ್ಲಿ ಮಡಕೆ ಕೊಳ್ಳುವವರೆಲ್ಲ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುತ್ತಾರೆ. ಠಣ್ ಅಂದರೆ ಗಟ್ಟಿ, ಬೊದ್ ಅಂದರೆ ಎಲ್ಲೋ ಸೀಳು ಬಿಟ್ಟಿದೆ. ತಟ್ಟಲಿ, ತಪ್ಪೇನಿಲ್ಲ. ನಾನು ಮಾತ್ರ ಮೊದಲು ಮಡಕೆಯನ್ನು ಮಗುಚಿ ಅದರ ಅಡಿ ನೋಡುತ್ತೇನೆ. ಅಡಿ ಚಪ್ಪಟೆಯಾಗಿದ್ದರೆ ಇಟ್ಟುಬಿಡುತ್ತೇನೆ. ಗುಂಡಗಿದ್ದರೆ ಒಳಕ್ಕೆ ಕೈ ಇಳಿಬಿಟ್ಟು ಗೋಡೆ ಸವರುತ್ತೇನೆ. ಬೆರಳಿಗೆ ಸಣ್ಣ ಸಣ್ಣ ತಗ್ಗುಗಳು ಒಂದರ ಪಕ್ಕ ಒಂದು ಸಿಕ್ಕಿದವೋ, ಅದು ಬಡಿದು ಮಾಡಿದ ಮಡಕೆ. ದುಡ್ಡು ಕೊಟ್ಟು ತರಬಹುದು.

ಈ ತಗ್ಗುಗಳ ವಿಚಾರ ತೆಗೆದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ಅವರ ಪಾಲಿಗೆ ಕುಂಬಾರಿಕೆ ಅಂದರೆ ತಿಗರಿ. ತಿರುಗುವ ಚಕ್ರ, ಒದ್ದೆ ಕೈ, ಕಣ್ಣೆದುರೇ ಮೇಲೇಳುವ ಮಣ್ಣು. ಫೋಟೋಕ್ಕೆ ಚೆನ್ನಾಗಿರುತ್ತದೆ, ಒಪ್ಪಿದೆ. ಆದರೆ ನಮ್ಮ ಸೀಮೆಯ ಅಡುಗೆ ಮಡಕೆಯಲ್ಲಿ ತಿಗರಿಯ ಪಾಲು ಕಾಲು ಭಾಗವೂ ಇಲ್ಲ. ಬಾಯಿ, ಕಂಠ ಅಷ್ಟೇ ಅದರ ಕೆಲಸ. ಹೊಟ್ಟೆ ಹುಟ್ಟುವುದು ಆಮೇಲೆ, ಹೊಡೆತ ತಿಂದು.

ಕೆಲಸ ಹೀಗೆ ಸಾಗುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳ ಬತ್ತಿದಾಗ ಜೇಡಿ ತಂದು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಸಣ್ಣ ಮರಳೋ ಬೂದಿಯೋ ಸೇರಿಸಿ ತುಳಿಯುತ್ತಾರೆ. ಹದಕ್ಕೆ ಬಂದ ಮಣ್ಣು ತಿಗರಿ ಏರುತ್ತದೆ. ತುಟಿ ಮಡಿಸಿ, ಕಂಠ ತೀಡಿ, ದಾರದಿಂದ ಕೊಯ್ದು ಇಳಿಸಿದಾಗ ಅದು ದಪ್ಪ ಗೋಡೆಯ ಸೇರಿನ ಹಾಗೆ ಕಾಣುತ್ತದೆ, ಮಡಕೆಯ ಲಕ್ಷಣವೇ ಇರುವುದಿಲ್ಲ. ನೆರಳಲ್ಲಿ ಬಿಡುತ್ತಾರೆ. ತೀರ ಹಸಿಯಾಗಿದ್ದರೆ ಹೊಡೆತಕ್ಕೆ ಕುಸಿಯುತ್ತದೆ, ಒಣಗಿದರೆ ಬಿರಿಯುತ್ತದೆ. ಎರಡರ ನಡುವಿನ ಗಳಿಗೆ ಕೈಗೇ ಗೊತ್ತಾಗಬೇಕು.

ಆಗ ಕುಂಬಾರ ಅದನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಾನೆ. ಎಡಗೈ ಒಳಗೆ, ಅಂಗೈಯಲ್ಲಿ ನುಣುಪಾದ ಗುಂಡು. ಬಲಗೈಯಲ್ಲಿ ಮರದ ಹಲಗೆ. ಹೊರಗೆ ಹಲಗೆ ಬೀಳುವ ಜಾಗಕ್ಕೆ ಸರಿಯಾಗಿ ಒಳಗೆ ಗುಂಡು ಕೂತಿರಬೇಕು. ಒಂದು ಬೆರಳಗಲ ಆಚೀಚೆಯಾದರೂ ಗೋಡೆ ಹರಿಯಿತು. ಒಳಗಿನ ಕೈ ಕಣ್ಣಿಗೆ ಕಾಣುವುದಿಲ್ಲ; ಸದ್ದು ಕೇಳಿಯೇ ದಪ್ಪ ಎಷ್ಟಿದೆ ಅಂತ ತಿಳಿಯಬೇಕು. ಮಣ್ಣು ಅಂಟದ ಹಾಗೆ ಆಗಾಗ ಬೂದಿ ಉದುರಿಸಿ, ಮಡಕೆಯನ್ನು ತುಸು ತುಸುವೇ ತಿರುಗಿಸುತ್ತ ಬಡಿದ ಹಾಗೆಲ್ಲ ಗೋಡೆ ತೆಳ್ಳಗಾಗಿ ಹೊರಕ್ಕೆ ಉಬ್ಬುತ್ತದೆ, ಅಡಿ ಗುಂಡಗಾಗಿ ಕೂಡಿಕೊಳ್ಳುತ್ತದೆ. ಮತ್ತೆ ನೆರಳು, ಮತ್ತೆ ಬಡಿತ. ಬಾಯಿ ಮಾತ್ರ ತಿಗರಿಯ ಮೇಲೆ ಎಷ್ಟಿತ್ತೋ ಅಷ್ಟೇ. ನಾನು ಸವರುವ ತಗ್ಗುಗಳು ಆ ಗುಂಡು ಬಿಟ್ಟ ಗುರುತು.

ಅಡಿ ಗುಂಡಗಿರುವುದು ಚಂದಕ್ಕಲ್ಲ. ಮಡಕೆ ಸುಡುವ ಆವಿಗೆಯ ಬೆಂಕಿ ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಪಿಂಗಾಣಿಗೆ ಬೇಕಾದ ಕಾವಿಗೆ ಹೋಲಿಸಿದರೆ ಅದು ಬಹಳ ಕಡಿಮೆ. ಆದ್ದರಿಂದ ಮಣ್ಣಿನಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ನೀರಿನ ಮಡಕೆ ಬೆವರಿ ತಣ್ಣಗಾಗುವುದು ಆ ರಂಧ್ರಗಳಿಂದ. ಅಡುಗೆಯ ಮಡಕೆ ಒಲೆಯ ಏಟು ತಡೆಯುವುದೂ ಅವುಗಳಿಂದಲೇ. ಗುಂಡಡಿಗೆ ಮೂಲೆಯೇ ಇಲ್ಲವಾಗಿ ಕಾವು ಸಮನಾಗಿ ಹರಡುತ್ತದೆ. ಚಪ್ಪಟೆ ಅಡಿಯಲ್ಲಾದರೆ ತಳವೂ ಗೋಡೆಯೂ ಕೂಡುವ ಕಡೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಬಿಗಿದು, ಬಿರುಕು ಅಲ್ಲಿಂದಲೇ ಶುರು.

ಆ ಅಡಿಗೆ ತಕ್ಕ ಹಾಗೆ ಮನೆಯೂ ಇತ್ತು. ಒಲೆಗೆ ಮೂರು ಗುಂಡು, ಇಳಿಸಿದರೆ ಕೂರಿಸಲು ತೆಂಗಿನ ನಾರಿನ ಸಿಂಬೆ, ಹಾಲು ಮೊಸರಿನ ಗಡಿಗೆಗೆ ನೆಲವು. ಹಿಟ್ಟು ತೊಳಸುವಾಗ ಮಡಕೆ ಅಲುಗಾಡದಂತೆ ಕಂಠಕ್ಕೆ ಕವೆಗೋಲು. ಹೊರಕ್ಕೆ ಬಾಗಿದ ತುಟಿ ಇಲ್ಲದಿದ್ದರೆ ಕವೆಗೋಲು ಹಿಡಿಯುವುದೆಲ್ಲಿ? ಮಡಕೆಯ ಆಕಾರಕ್ಕೆ ಅರ್ಧ ಕಾರಣ ರಾಗಿಮುದ್ದೆ ಅಂತ ನನ್ನ ನಂಬಿಕೆ. ಯಾರಾದರೂ ವಾದ ಮಾಡುವುದಾದರೆ ಉಂಡಾದ ಮೇಲೆ ಮಾಡಲಿ.

ನಮ್ಮ ಸೀಮೆಯ ಅಮ್ಮಸಂದ್ರ ಅಂದರೆ ಹೊರಗಿನವರ ಬಾಯಿಗೆ ಬರುವುದು ಸಿಮೆಂಟು. 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್ ಇಲ್ಲಿ ಕಾರ್ಖಾನೆ ಕಟ್ಟಿತು, 2006ರಲ್ಲಿ ಅದು ಜರ್ಮನಿಯ ಹೈಡೆಲ್‌ಬರ್ಗ್ ಪಾಲಾಯಿತು. ಸಿಮೆಂಟು ತೊಟ್ಟಿ ಬಂದು ಗುಡಾಣ ಹೋಯಿತು, ತಾರಸಿ ಬಂದು ನಾಡಹೆಂಚು ಹೋಯಿತು ಅಂತ ಬರೆದುಬಿಡುವುದು ಸುಲಭ. ಆದರೆ ಒಲೆ ಮೇಲಿನ ಮಡಕೆಯನ್ನು ಇಳಿಸಿದ್ದು ಅಲ್ಯುಮಿನಿಯಂ, ಅದರ ಹಿಂದೆ ಬಂದ ಸ್ಟೀಲು. ಆ ಲೆಕ್ಕ ಸಿಮೆಂಟಿನ ಖಾತೆಗೆ ಬರೆಯಬಾರದು.

ನಾಡಹೆಂಚು ಮಾಡುವುದನ್ನು ನೋಡದವರಿಗಾಗಿ ಎರಡು ಮಾತು. ಅದೂ ತಿಗರಿಯದೇ ಕೂಸು. ಒಂದು ತುದಿ ಅಗಲ, ಒಂದು ತುದಿ ಕಿರಿದಾದ ಕೊಳವೆ ಎಬ್ಬಿಸಿ, ಅರೆ ಒಣಗಿದಾಗ ಉದ್ದಕ್ಕೆ ಎರಡು ಗೀರು ಹಾಕಿ, ಆಮೇಲೆ ಮೆಲ್ಲಗೆ ಬಿಡಿಸಿದರೆ ಒಂದು ಕೊಳವೆಗೆ ಎರಡು ಹೆಂಚು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ಹೆಂಚು ಶುರುಮಾಡಿದರೂ ನಮ್ಮ ಹಳ್ಳಿಗಳ ಮಾಡಿನ ಮೇಲೆ ನಾಡಹೆಂಚು ಇನ್ನೂ ಬಹಳ ಕಾಲ ಉಳಿಯಿತು. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಬಿಡುವ ಸೀಮೆ ಇದು. ಗಾಳಿ, ಹೊಗೆ ಎರಡೂ ಆಡುವ ಮಾಡು ಅದಕ್ಕೆ ಒಗ್ಗಿತ್ತು.

ತೆಂಗಿನ ಸೀಮೆಯಲ್ಲಿ ಆವಿಗೆಗೆ ಉರುವಲಿನ ಬರ ಇರಲಿಲ್ಲ. ಗರಿ, ಮಟ್ಟೆ, ಹೊಂಬಾಳೆ, ಕರಟ, ಯಾವುದೂ ಕೊಂಡು ತರುವ ಮಾಲಲ್ಲ. ಈಗ ನಾರಿನವರು ಮಟ್ಟೆ ಕೇಳುತ್ತಾರೆ, ಇದ್ದಿಲಿನವರು ಕರಟ ಕೇಳುತ್ತಾರೆ. ತೋಟದವನಿಗೆ ನಾಲ್ಕು ಕಾಸು ಬಂತು, ಸಂತೋಷ. ಆವಿಗೆಗೆ ಉಳಿದದ್ದು ಭಗ್ಗನೆ ಹತ್ತಿ ಭಸ್ಮವಾಗುವ ಗರಿ. ಜೇಡಿಯದೂ ಇಂಥದೇ ಕಥೆ. ಹೇಮಾವತಿ ನಾಲೆ ನೀರು ಮಲ್ಲಾಘಟ್ಟದಂಥ ಕೆರೆಗೆ ಬಂದದ್ದು ಊರಿಗೆಲ್ಲ ಹಬ್ಬ. ಆದರೆ ಕೆರೆ ಬತ್ತದ ವರ್ಷ ಒಳ್ಳೆ ಜೇಡಿ ನೀರಡಿಯಲ್ಲೇ ಇರುತ್ತದೆ.

ಬಡಿತದ ಸದ್ದಿಗೆ ಕನ್ನಡದಲ್ಲಿ ಹಳೆಯ ಮರ್ಯಾದೆ ಇದೆ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಶಿವನನ್ನು ಒಲಿಸುವುದು ಮಡಕೆ ಬಾರಿಸಿ. ಆ ನಾದಕ್ಕೆ ಶಿವನೇ ಇಳಿದು ಬಂದು ಕುಣಿಯುತ್ತಾನೆ. ಗುಂಡಯ್ಯನ ಹೆಂಡತಿ ಕೇತಲದೇವಿಯ ಅಂಕಿತ ಕುಂಭೇಶ್ವರ. ಹದ ಮಾಡಿದ ಮಣ್ಣಿನ ಮಾತು ಅವಳ ವಚನದಲ್ಲಿದೆ. ಹೆಂಗಸರು ತಿಗರಿ ಮುಂದೆ ಕೂರಬಾರದು ಎಂಬ ಕಟ್ಟಳೆ ಬಹಳ ಕಡೆ ಇದ್ದರೂ ಮಣ್ಣಿನ ಹದ ಅವರ ಕೈಯಲ್ಲೇ ಇತ್ತು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಸಂಗೀತದ ಘಟವೂ ಬಡಿತದ ಮಗುವೇ. ಮಾನಾಮದುರೈನ ಘಟಕ್ಕೆ ಬೀಳುವ ಏಟುಗಳಿಗೆ ಲೆಕ್ಕವಿಲ್ಲ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರ ಘಟತರಂಗ ಕೇಳಿದವರು ಒಂದೊಂದು ಘಟದ ಗೋಡೆ ಒಂದೊಂದು ಶ್ರುತಿ ಹಿಡಿಯುವುದನ್ನು ಗಮನಿಸಿರುತ್ತಾರೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಖಾದಿ ಆಯೋಗ 2018ರಿಂದ ಕುಂಬಾರರಿಗೆ ವಿದ್ಯುತ್ ತಿಗರಿ ಹಂಚುತ್ತಿದೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ, ಸಲಕರಣೆಗೆಂದು 15,000 ರೂಪಾಯಿ ಕೊಡುತ್ತಾರೆ. ಒಳ್ಳೆಯದೇ. ಭಾರದ ಚಕ್ರಕ್ಕೆ ಕೋಲು ಕೊಟ್ಟು ತಿರುಗಿಸಿ ಸೊಂಟ ಬಿದ್ದವರನ್ನು ಕಂಡವರಾರೂ ಮೋಟಾರು ಬೇಡ ಅನ್ನಲಾರರು. ಆದರೆ ಮೋಟಾರಿನಿಂದ ಹಗುರಾದದ್ದು ತಿಗರಿಯ ಕೆಲಸ ಒಂದೇ. ತಿಗರಿಯಲ್ಲೇ ಮುಗಿಯುವ ಮಾಲು ಹೆಚ್ಚಿತು: ಹಣತೆ, ಲೋಟ, ದುಡ್ಡಿನ ಹುಂಡಿ, ಹೂವಿನ ಕುಂಡ, ಗ್ಯಾಸ್ ಒಲೆಗೆಂದು ಚಪ್ಪಟೆ ಅಡಿಯ ಸಾರಿನ ಪಾತ್ರೆ. ಬಡಿತಕ್ಕೆ ಮೋಟಾರೂ ಇಲ್ಲ, ವಾರದ ತರಬೇತಿಯೂ ಸಾಲದು. ಹುಡುಗರು ತಿಗರಿ ಕಲಿತು ಅಲ್ಲಿಗೇ ನಿಲ್ಲಿಸುತ್ತಿದ್ದಾರೆ. ಕುಂಬಾರಿಕೆ ಉಳಿದಿದೆ ಅಂತ ಎಲ್ಲರೂ ಹೇಳುತ್ತಾರೆ. ಯಾವ ಅರ್ಧ ಉಳಿದಿದೆ ಅಂತ ಕೇಳುವವರಿಲ್ಲ.

ಬಡಿದ ಮಡಕೆಯನ್ನು ಇವತ್ತಿಗೂ ಬಿಡದೆ ಕೇಳುವುದು ಶಾಸ್ತ್ರ. ಮದುವೆಯ ಐರಾಣಿ ಮಡಕೆಗೆ, ಸಾವಿನ ಮನೆಯ ಗಡಿಗೆಗೆ ಸ್ಟೀಲು ನಡೆಯುವುದಿಲ್ಲ. ಅಡುಗೆಗೆ ಕೇಳುವವರು ಹೆಚ್ಚಬೇಕು. ಹಾಗಾಗಿ ಕೊಳ್ಳುವವರಿಗೆ ನನ್ನ ಸಲಹೆ: ಹೆದ್ದಾರಿ ಬದಿಯಲ್ಲಿ ವಾರ್ನಿಷ್ ಹೊಳಪಿನ ಪಾತ್ರೆ ಕಂಡರೆ ಗಾಡಿ ನಿಲ್ಲಿಸಬೇಡಿ, ಅದು ಅಡುಗೆಗಲ್ಲ. ಕುಂಬಾರರ ಮನೆಗೇ ಹೋಗಿ, ಮಳೆಗಾಲಕ್ಕೆ ಮುಂಚೆ, ಬಡಿದ ಗುಂಡಡಿಯದೇ ಬೇಕೆಂದು ಹೇಳಿ ಮಾಡಿಸಿ. ಗ್ಯಾಸ್ ಒಲೆಯ ಮೇಲೆ ಕೂರುವುದಿಲ್ಲ ಎಂಬ ನೆಪ ಬೇಡ. ಕಮ್ಮಾರನ ಹತ್ತಿರ ಮೂರು ಕಾಲಿನ ಕಬ್ಬಿಣದ ಬಳೆ ಮಾಡಿಸಿದರೆ ಮುಗಿಯಿತು. ಒಂದು ದಿನ ನೀರಲ್ಲಿ ನೆನೆಸಿ, ಮೊದಲ ಸಲ ಗಂಜಿ ಕಾಯಿಸಿ, ಉರಿ ಸಣ್ಣಗಿರಲಿ. ಕಾದ ಮಡಕೆಗೆ ತಣ್ಣೀರು ಸುರಿಯಬೇಡಿ.

ಚೌಕಾಸಿಯನ್ನಂತೂ ಮಾಡಲೇಬೇಡಿ. ಕುಂಬಾರನಿಗೆ ಕಣದಲ್ಲಿ ರಾಗಿ ಅಳೆದುಕೊಡುತ್ತಿದ್ದ ಆಯಗಾರಿಕೆಯ ಕಾಲದಲ್ಲಿ ಒಂದೊಂದು ಮಡಕೆಗೆ ಬೆಲೆ ಕೇಳುವ ಪ್ರಮೇಯವೇ ಇರಲಿಲ್ಲ. ಈಗ ಕೇಳುತ್ತೇವೆ. ಚಪ್ಪಟೆ ಪಾತ್ರೆಯ ಎರಡರಷ್ಟು ಹೇಳಿದರೂ ಕೊಡಿ, ಕೆಲಸ ಎರಡರಷ್ಟಕ್ಕಿಂತ ಹೆಚ್ಚೇ ಇರುತ್ತದೆ. ಜೊತೆಗೆ ಒಂದು ಸಿಂಬೆಯನ್ನೂ ಕೇಳಿ ಪಡೆಯಿರಿ. ಪ್ಲಾಸ್ಟಿಕ್ಕಿನದು ಕೊಟ್ಟರೆ ಬೇಡವೆನ್ನಿ, ಬಿಸಿ ಮಡಕೆ ಇಳಿಸಿದರೆ ಕರಗಿ ಅಂಟಿಕೊಳ್ಳುತ್ತದೆ.