ಪರದೆಗೆ ಕಿವಿ ಇದೆಯೇ?

ಶಾಲೆಗೆ ಯಂತ್ರವೊಂದು ಬಂದರೆ ಶಿಕ್ಷಣದ ಸಮಸ್ಯೆಗಳು ತೀರುತ್ತವೆ ಎಂಬ ಮಾತನ್ನು ನಾವು ಎರಡು ದಶಕಗಳಿಂದ ಕೇಳುತ್ತಾ ಬಂದಿದ್ದೇವೆ. ಕಂಪ್ಯೂಟರ್, ಟ್ಯಾಬ್, ಸ್ಮಾರ್ಟ್ ಬೋರ್ಡ್ ಎಂದು ಯಂತ್ರದ ಹೆಸರು ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಬಂದ ದಿನ ಉದ್ಘಾಟನೆ, ಫೋಟೊ, ಭಾಷಣ. ಆದರೆ ಅದರ ಮುಂದೆ ಕುಳಿತ ಮಗುವಿಗೆ ಪಾಠ ಅರ್ಥವಾಗದಿದ್ದರೆ ಅದು ಯಾರನ್ನು ಕೇಳಬೇಕು? ಈ ಸರಳ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ನಮ್ಮ ಡಿಜಿಟಲ್ ಪ್ರಯೋಗಗಳನ್ನು ಪರಿಶೀಲಿಸಬೇಕಾಗಿದೆ.

2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗಕ್ಕೆ ನಮ್ಮ ಚಾಮರಾಜನಗರ ಜಿಲ್ಲೆಯನ್ನು ಆರಿಸಲಾಯಿತು. ಉದ್ದೇಶ ಒಳ್ಳೆಯದೇ. ಹಿಂದುಳಿದ ಜಿಲ್ಲೆಯ ಮಕ್ಕಳಿಗೂ ಉತ್ತಮ ಪಾಠ ಸಿಗಲಿ ಎಂಬುದನ್ನು ಯಾರು ತಾನೇ ವಿರೋಧಿಸಿಯಾರು? ಆದರೆ ಆ ಶಾಲೆಗಳಲ್ಲಿ ಅಳವಡಿಸಿದ್ದು ಪಾಠವನ್ನು ಸ್ವೀಕರಿಸುವ ಸಾಧನವನ್ನು ಮಾತ್ರ. ಬಾನಿನಿಂದ ಪಾಠ ಇಳಿಯುತ್ತಿತ್ತು, ಮಗುವಿನ ಪ್ರಶ್ನೆ ಮೇಲೇರುವ ದಾರಿ ಇರಲಿಲ್ಲ. 2010ರಲ್ಲಿ ಉಪಗ್ರಹದ ಸೇವೆ ಮುಗಿಯಿತು. ಒಮ್ಮುಖ ಪಾಠದ ಮೇಲಿನ ನಮ್ಮ ಮೋಹ ಮುಗಿಯಲಿಲ್ಲ.

ಕೊರೊನಾ ಕಾಲದಲ್ಲಿ ಇದು ಮನೆಮನೆಯ ಅನುಭವವಾಯಿತು. 2020ರ ಜುಲೈಯಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ಬಂದ 'ವಿದ್ಯಾಗಮ' ಯೋಜನೆ, ಯಾವ ಸಾಧನವೂ ಇಲ್ಲದವರು, ಸಾದಾ ಮೊಬೈಲ್ ಇರುವವರು, ಇಂಟರ್‌ನೆಟ್ ಸೌಲಭ್ಯ ಇರುವವರು ಎಂದು ಮಕ್ಕಳನ್ನು ವಿಂಗಡಿಸಿತು. ಕೇಳಲು ಕಹಿಯಾದರೂ ಅದು ಪ್ರಾಮಾಣಿಕ ಲೆಕ್ಕಾಚಾರವಾಗಿತ್ತು. ಪರದೆ ತಲುಪದ ಮಗುವಿನ ಬಳಿಗೆ ಮೇಷ್ಟ್ರೇ ಹೋಗಬೇಕು ಎಂದು ಅದು ಒಪ್ಪಿಕೊಂಡಿತ್ತು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಆ ಓಣಿ ಪಾಠಗಳು ನಿಂತವು. ಶಾಲೆಗಳು ತೆರೆದ ಮೇಲೆ ಆ ಒಪ್ಪಿಗೆಯನ್ನೂ ನಾವು ಮರೆತೆವು.

ಮನೆಯಲ್ಲಿ ಮೊಬೈಲ್ ಇದೆ ಎಂದ ಮಾತ್ರಕ್ಕೆ ಅದು ಮಗುವಿನ ಕೈಯಲ್ಲಿದೆ ಎಂದಲ್ಲ. 2021ರ ಅಸರ್ ವರದಿಯ ಪ್ರಕಾರ ಗ್ರಾಮೀಣ ಭಾರತದ ಶಾಲಾ ಮಕ್ಕಳಲ್ಲಿ ಶೇ. 67.6 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅವರಲ್ಲಿ ಸುಮಾರು ಕಾಲು ಭಾಗಕ್ಕೆ ಅದು ಬಳಕೆಗೆ ಸಿಗುತ್ತಿರಲಿಲ್ಲ. 2024ರ ವರದಿ ಇನ್ನೊಂದು ಸಂಗತಿ ಹೇಳುತ್ತದೆ. ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16ರ ವಯಸ್ಸಿನ ಹುಡುಗರಲ್ಲಿ ಶೇ. 36.2 ಮಂದಿಗೆ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ ಆ ಪ್ರಮಾಣ ಶೇ. 26.9. ಇದಕ್ಕೆ ಸರಕಾರವನ್ನೊಂದೇ ದೂರಿ ಪ್ರಯೋಜನವಿಲ್ಲ. ಮಗನಿಗೆ ಓದಿಗೆ ಬೇಕು ಎಂದು ಫೋನ್ ಕೊಡಿಸುವ ನಾವೇ ಮಗಳ ಕೈಯಲ್ಲಿ ಅದನ್ನು ಕಂಡರೆ ಸಂಶಯಪಡುತ್ತೇವೆ. ಅವಳ ಪಾಠ ಫೋನಿನೊಳಗೆ ಸೇರಿದಷ್ಟೂ ಅವಳು ಪಾಠದಿಂದ ಹೊರಗುಳಿಯುತ್ತಾಳೆ.

ಹಾಗಾದರೆ ಎಲ್ಲರಿಗೂ ಯಂತ್ರ ಹಂಚಿದರೆ ಸಾಕೇ? ದಕ್ಷಿಣ ಅಮೆರಿಕದ ಪೆರು ದೇಶ ಅದನ್ನೂ ಮಾಡಿ ನೋಡಿದೆ. 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಲ್ಲಿ ಅಲ್ಲಿ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ವಿತರಿಸಲಾಯಿತು. 319 ಗ್ರಾಮೀಣ ಶಾಲೆಗಳ ಅಧ್ಯಯನದ ಫಲಿತಾಂಶ 2012ರಲ್ಲಿ ಪ್ರಕಟವಾದಾಗ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ.

ಹೀಗೆಂದ ಮಾತ್ರಕ್ಕೆ ನಾವು ತಂತ್ರಜ್ಞಾನದ ವಿರೋಧಿಗಳಲ್ಲ. ಕಣ್ಣು ಕಾಣದ ಮಗುವಿಗೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಅನುಗ್ರಹವೇ ಸರಿ. ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಹೃದಯ ಬಡಿಯುವ ಬಗೆಯನ್ನು ತೋರಿಸುವ ವಿಡಿಯೊ ಹತ್ತು ಪುಟಗಳ ಕೆಲಸ ಮಾಡುತ್ತದೆ. ನೆರೆಯ ಕೇರಳ 2001ರಲ್ಲಿ ಆರಂಭಿಸಿದ 'ಐಟಿ@ಸ್ಕೂಲ್' ಯೋಜನೆಯಲ್ಲಿ ಶಾಲಾ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಬೆಳೆಸಿತು, ಪರವಾನಗಿ ಶುಲ್ಕ ಬೇಡದ ಸ್ವತಂತ್ರ ತಂತ್ರಾಂಶಕ್ಕೆ ಕ್ರಮೇಣ ಬದಲಾಯಿತು. 2018ರಿಂದ 'ಲಿಟಲ್ ಕೈಟ್ಸ್' ಕೂಟಗಳಲ್ಲಿ ಮಕ್ಕಳೇ ಅನಿಮೇಷನ್, ಪ್ರೋಗ್ರಾಂ ತಯಾರಿಸುತ್ತಿದ್ದಾರೆ. ಅಲ್ಲಿ ಮೊದಲು ಸಿದ್ಧಗೊಂಡವರು ಶಿಕ್ಷಕರು. ಯಂತ್ರ ಅವರ ಕೈಯ ಉಪಕರಣವಾಯಿತೇ ಹೊರತು ಅವರ ಕುರ್ಚಿಯಲ್ಲಿ ಕೂರಲಿಲ್ಲ.

ಈಗ ಪ್ರಶ್ನೆಗೆ ಉತ್ತರಿಸುವ ಕೃತಕ ಬುದ್ಧಿಮತ್ತೆ ಬಂದಿದೆಯಲ್ಲ, ಪರದೆಗೂ ಕಿವಿ ಬಂದಂತಾಯಿತಲ್ಲ ಎನ್ನುವವರಿದ್ದಾರೆ. ಕೇಳಿದ್ದಕ್ಕೆ ಉತ್ತರ ಕೊಡುವುದು ಬೇರೆ, ಕೇಳಲು ಬಾಯಿ ಬಾರದ ಮಗುವನ್ನು ಗುರುತಿಸುವುದು ಬೇರೆ. ಹಳೆಯ ಕೂಲಿಮಠದ ಐಗಳು ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಮದ್ರಸಾದ ಉಸ್ತಾದರು ಇಂದಿಗೂ ಒಬ್ಬೊಬ್ಬ ಮಗುವನ್ನು ಹತ್ತಿರ ಕರೆದು, ಅದರ ಪಾಠ ಕೇಳಿಸಿಕೊಂಡು ಉಚ್ಚಾರ ತಿದ್ದುತ್ತಾರೆ. ಅಲ್ಲಿನ ಬೆತ್ತ ನಮಗೆ ಬೇಡ. ಆದರೆ ಪ್ರತಿ ಮಗುವಿನ ಸರದಿ ಬರುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಕಲಿಸುವುದೆಂದರೆ ಅರ್ಧ ಹೇಳುವುದು, ಇನ್ನರ್ಧ ಕೇಳಿಸಿಕೊಳ್ಳುವುದು.

ಕೇಂದ್ರ ಸರಕಾರದ್ದೇ 2024-25ರ ಅಂಕಿಅಂಶಗಳ ಪ್ರಕಾರ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿವೆ. ಹಲವು ತರಗತಿಗಳನ್ನು ಒಬ್ಬರೇ ನಿಭಾಯಿಸುವಲ್ಲಿ ಯಾವ ಮಗುವಿನ ಮಾತನ್ನು ಯಾರು ಕೇಳಿಸಿಕೊಳ್ಳಬೇಕು? ಅಂತಹ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದರೆ ಸಂತೋಷ. ಆದರೆ ಎರಡನೆಯ ಶಿಕ್ಷಕರ ಬದಲಿಗೆ ಅದು ಬರುವುದಾದರೆ ಅದನ್ನು ಪ್ರಗತಿ ಎನ್ನಲಾಗದು. ಮುಂದಿನ ಬಾರಿ ನಮ್ಮೂರ ಶಾಲೆಯಲ್ಲಿ ಡಿಜಿಟಲ್ ತರಗತಿಯ ಉದ್ಘಾಟನೆಗೆ ಕರೆ ಬಂದಾಗ ಹೋಗೋಣ, ಚಪ್ಪಾಳೆಯನ್ನೂ ತಟ್ಟೋಣ. ಹೊರಡುವ ಮುನ್ನ ಒಂದು ಮಾತು ಕೇಳಿ ಬರೋಣ: ಖಾಲಿ ಇರುವ ಮೇಷ್ಟ್ರ ಹುದ್ದೆ ಯಾವಾಗ ಭರ್ತಿಯಾಗುತ್ತದೆ?