ಲಾಭದ ಸಾಲು, ಕೂಲಿಯ ಸಾಲು

ಗಾರ್ಮೆಂಟ್ಸ್ ಕಾರ್ಖಾನೆಯ ಒಂದೊಂದು ಲೈನಿನಲ್ಲಿ ಐವತ್ತು ಅರವತ್ತು ಮಂದಿ ಕೂತಿರುತ್ತಾರೆ. ಒಬ್ಬಾಕೆ ಕಾಲರ್ ಹೊಲಿದರೆ ಮುಂದಿನಾಕೆ ಅದನ್ನು ಅಂಗಿಗೆ ಕೂರಿಸುತ್ತಾಳೆ, ಇನ್ನೊಬ್ಬಾಕೆ ತೋಳು ಜೋಡಿಸುತ್ತಾಳೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಎದುರಿನ ಬೋರ್ಡಿನಲ್ಲೇ ಇರುತ್ತದೆ. ನಡುವೆ ಒಬ್ಬಳ ಮಿಷನ್ ಮೇಲಿಂದ ಮೇಲೆ ದಾರ ಕಡಿಯತೊಡಗಿತು ಅನ್ನಿ. ಆಕೆ ಆಗಲೇ ಮೆಕ್ಯಾನಿಕ್‌ನನ್ನು ಕೂಗಿ ಕರೆದರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ಸೂಪರ್‌ವೈಸರ್ ಬೈದಾನೆಂದು ತಲೆ ತಗ್ಗಿಸಿ ಹೆಣಗುತ್ತ ಕೂತರೆ ಅವಳ ಪಕ್ಕದಲ್ಲಿ ಬಂಡಲ್‌ಗಳು ರಾಶಿ ಬೀಳುತ್ತವೆ, ಮುಂದಿನವರಿಗೆ ಕೆಲಸವೇ ಇರುವುದಿಲ್ಲ.

ಇಂಥ ಹೆಣ್ಣುಮಕ್ಕಳಿಗೆ ಹೊಲಿಗೆಯ ಬದಲು ಮಾತಾಡುವುದನ್ನು, ಸಮಯ ಮತ್ತು ಹಣ ನಿಭಾಯಿಸುವುದನ್ನು, ತಕರಾರು ಬಗೆಹರಿಸಿಕೊಳ್ಳುವುದನ್ನು ಕಲಿಸಿದರೆ ಏನಾದೀತು? ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು ಬೆಂಗಳೂರಿನಲ್ಲೇ ಪರೀಕ್ಷಿಸಿದರು. ಗ್ಯಾಪ್ ಕಂಪನಿ ರೂಪಿಸಿದ್ದ ‘ಪೇಸ್’ ತರಬೇತಿಯನ್ನು ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಕಾರ್ಖಾನೆಗಳಲ್ಲಿ 2013ರಿಂದ ನಡೆಸಲಾಯಿತು. ಸೇರಲು ಮುಂದೆ ಬಂದವರು ಸುಮಾರು 2,700 ಮಂದಿ. ಯಾರಿಗೆ ತರಬೇತಿ, ಯಾರಿಗಿಲ್ಲ ಎಂಬುದನ್ನು ಲಾಟರಿ ನಿರ್ಧರಿಸಿತು. ಈ ಲಾಟರಿಯೇ ಪ್ರಯೋಗದ ಜೀವ. ಮ್ಯಾನೇಜರ್ ಆರಿಸಿದ್ದರೆ ಚುರುಕಾದವರನ್ನೇ ಆರಿಸುತ್ತಿದ್ದ. ಆಮೇಲೆ ಅವರ ಕೆಲಸ ಚೆನ್ನಾಗಿದ್ದರೆ ಅದು ತರಬೇತಿಯ ಗುಣವೋ ಅವರದೇ ಗುಣವೋ ಎಂದು ಹೇಳಲು ಆಗುತ್ತಿರಲಿಲ್ಲ.

ಕಲಿತವರ ಉತ್ಪಾದನೆ ಏರಿತು. ಅದೇ ಲೈನಿನಲ್ಲಿ ತರಬೇತಿ ಸಿಗದೆ ಕೂತಿದ್ದವರ ಕೆಲಸವೂ ಸುಧಾರಿಸಿತು. ಕಲಿತವರು ಸರ್ಕಾರದ ಪಿಂಚಣಿ ಮತ್ತು ಆರೋಗ್ಯ ಯೋಜನೆಗಳನ್ನು ಹೆಚ್ಚು ಬಳಸಿಕೊಂಡರು, ಮಕ್ಕಳ ಓದಿಗೆಂದು ಹಣ ಕೂಡಿಟ್ಟರು. ತರಬೇತಿ ಮುಗಿದ ಎಂಟು ತಿಂಗಳ ಹೊತ್ತಿಗೆ ಕಂಪನಿಗೆ ಹಾಕಿದ ದುಡ್ಡಿನ ಮೇಲೆ ಸಿಕ್ಕ ನಿವ್ವಳ ಪ್ರತಿಫಲ ಶೇ 250ಕ್ಕೂ ಹೆಚ್ಚು. ಕೂಲಿ ಏರಿದ್ದು ಶೇ 0.5.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಈ ಸಂಶೋಧನೆಯನ್ನು ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು. ಸಂಶೋಧಕರು ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆದರೆ ಉದ್ಯಮಿಗಳ ಸಭೆ, ಸಮ್ಮೇಳನಗಳಿಗೆ ಹೇಳಿ ಮಾಡಿಸಿದಂತಿರುವುದು ಮೊದಲನೆಯ ಅಂಕಿ ಮಾತ್ರ. ‘ನೌಕರರ ಮೇಲೆ ಹೂಡಿ, ಲಾಭ ಪಡೆಯಿರಿ’ ಎನ್ನಲು ಅಷ್ಟೇ ಸಾಕು. ಎರಡನೆಯ ಅಂಕಿ ಬೇರೆಯದನ್ನು ಹೇಳುತ್ತದೆ. ದುಡಿಮೆ ಹೆಚ್ಚಿದರೆ ಸಂಬಳ ತಾನಾಗಿ ಹೆಚ್ಚುತ್ತದೆಂಬ ನಂಬಿಕೆಗೆ ಈ ಕಾರ್ಖಾನೆಗಳಲ್ಲಿ ಆಧಾರ ಸಿಗಲಿಲ್ಲ. ಮಾತಿನ ಚಾಕಚಕ್ಯತೆ, ಸಮಯಪ್ರಜ್ಞೆಗಳು ಬೇರೆ ಮಾಲೀಕನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಹೀಗಾಗಿ ಅವುಗಳ ಬಲದ ಮೇಲೆ ಹೆಚ್ಚು ಸಂಬಳ ಕೇಳುವ ದಾರಿ ತರಬೇತಿ ಪಡೆದಾಕೆಗಿಲ್ಲ. ಕನಿಷ್ಠ ವೇತನದ ಆಸುಪಾಸಿನಲ್ಲೇ ನಿಂತ ಈ ಉದ್ಯಮದಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ಇಂಥ ಅಧ್ಯಯನಗಳು ಉದ್ಯಮಿಗೆ ಬೇಡವೇ? ಖಂಡಿತ ಬೇಕು. ‘ನನ್ನ ಕಾರ್ಖಾನೆ ನನಗೆ ಗೊತ್ತು’ ಎಂಬ ಭ್ರಮೆಯನ್ನು ಇವುಗಳಷ್ಟು ಚೆನ್ನಾಗಿ ಬಿಡಿಸುವುದು ಬೇರೊಂದಿಲ್ಲ. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬೈ ಸುತ್ತಲ 17 ಜವಳಿ ಕಂಪನಿಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಆ ಗಿರಣಿಗಳಲ್ಲಿ ನೂಲಿನ ಚೀಲಗಳಿಗೆ ಲೇಬಲ್ ಇರಲಿಲ್ಲ, ಗೋದಾಮಿನಲ್ಲಿ ಏನಿದೆಯೆಂಬ ಲೆಕ್ಕವಿರಲಿಲ್ಲ, ಬಟ್ಟೆಯಲ್ಲಿ ಯಾವ ದೋಷ ಎಲ್ಲಿಂದ ಬಂತೆಂದು ಬರೆದಿಡುವವರಿರಲಿಲ್ಲ. ಗುಣಮಟ್ಟ ಚೆನ್ನಾಗಿಯೇ ಇದೆಯೆಂದು ಮಾಲೀಕರು ನಂಬಿದ್ದರು. ಕೆಲವು ಘಟಕಗಳಿಗೆ ಐದು ತಿಂಗಳು ಸಲಹೆಗಾರರನ್ನು ಕಳಿಸಿ 38 ಸಾಮಾನ್ಯ ಪದ್ಧತಿಗಳನ್ನು ರೂಢಿಸಲಾಯಿತು: ಯಂತ್ರಗಳ ನಿಯಮಿತ ನಿರ್ವಹಣೆ, ದೋಷಗಳ ದಾಖಲೆ, ದಿನದ ಸಭೆ, ಇಂಥವು. ಮೊದಲ ವರ್ಷವೇ ಉತ್ಪಾದಕತೆ ಶೇ 17ರಷ್ಟು ಏರಿತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಅಧ್ಯಯನ ಹೊರಗೆಳೆದ ಇನ್ನೊಂದು ಸಂಗತಿ. ಈ ಕಂಪನಿಗಳು ಎಷ್ಟು ಬೆಳೆದಿವೆ ಎಂಬುದಕ್ಕೆ ಅವುಗಳ ದಕ್ಷತೆಗಿಂತ ಮಾಲೀಕನ ಮನೆಯಲ್ಲಿ ಎಷ್ಟು ಜನ ಗಂಡಸರಿದ್ದಾರೆ ಎಂಬುದೇ ಹತ್ತಿರದ ಸುಳಿವಾಗಿತ್ತು! ಹೊರಗಿನ ಮ್ಯಾನೇಜರ್‌ನನ್ನು ನಂಬುವುದಿಲ್ಲ, ಮನೆಯ ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ತಮ್ಮ, ಮಗ, ಅಳಿಯ ಇದ್ದಷ್ಟು ಘಟಕಗಳು. ಹುಬ್ಬಳ್ಳಿ, ದಾವಣಗೆರೆ, ಇಳಕಲ್ಲುಗಳ ವ್ಯಾಪಾರಸ್ಥರ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2017ರಲ್ಲಿ ಸಂಶೋಧಕರು ಅದೇ ಗಿರಣಿಗಳಿಗೆ ಮರಳಿದರು. ರೂಢಿಸಿದ್ದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಮ್ಯಾನೇಜರ್ ಬದಲಾದ ಕಡೆ, ಮಾಲೀಕನಿಗೆ ಪುರಸೊತ್ತಿಲ್ಲದ ಕಡೆ ಹೆಚ್ಚು. ಆದರೂ ಸಲಹೆ ಸಿಗದ ಘಟಕಗಳಿಗಿಂತ ಇವು ಮುಂದೆಯೇ ಇದ್ದವು. ಹೀಗೆ ವರ್ಷಗಳ ನಂತರ ಹೋಗಿ, ತಮ್ಮದೇ ಕೆಲಸದಲ್ಲಿ ಉಳಿದದ್ದೆಷ್ಟು ಅಳಿದದ್ದೆಷ್ಟು ಎಂದು ಒಪ್ಪಿಸುವ ಮ್ಯಾನೇಜ್‌ಮೆಂಟ್ ಗುರುಗಳು ಅಪರೂಪ.

ಬೆಂಗಳೂರಿನ ಕಾರ್ಖಾನೆಗಳ ಇನ್ನೊಂದು ಅಧ್ಯಯನ ದೀಪಗಳದ್ದು. ಎಲ್‌ಇಡಿ ದೀಪ ಕಡಿಮೆ ಬಿಸಿಯಾಗುತ್ತದೆ, ಒಳಗಿನ ಧಗೆ ಇಳಿಯುತ್ತದೆ, ಬಿಸಿಲು ಜೋರಾದ ದಿನಗಳಲ್ಲಿ ಕೆಲಸ ಕುಸಿಯುವುದು ತಗ್ಗುತ್ತದೆ. ಬರೀ ಕರೆಂಟ್ ಬಿಲ್ಲಿನ ಉಳಿತಾಯ ನೋಡಿದರೆ ಅಸಲು ಮರಳಲು ಮೂರು ವರ್ಷಕ್ಕೂ ಹೆಚ್ಚು, ಹೆಚ್ಚಿದ ಕೆಲಸವನ್ನೂ ಸೇರಿಸಿದರೆ ಎಂಟು ತಿಂಗಳೊಳಗೆ. ಇದರಲ್ಲಿ ಯಾರಿಗೂ ನಷ್ಟವಿಲ್ಲ.

ನನ್ನನ್ನು ಕಾಡುವುದು ಮತ್ತೊಂದು ಪ್ರಯೋಗ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಮಂಡಿಸಿದ ವಾದವೊಂದಿದೆ: ದನಿ ಎತ್ತಲು ಅವಕಾಶವಿದ್ದರೆ ಜನ ಬಿಟ್ಟುಹೋಗುವುದು ತಗ್ಗುತ್ತದೆ. ಪ್ರಯೋಗ ಪರೀಕ್ಷಿಸಿದ್ದು ಇದನ್ನೇ. ಗಾರ್ಮೆಂಟ್ಸ್ ನೌಕರರಿಗೆ ನಿರಾಸೆ ತಂದ ಒಂದು ಕೂಲಿ ಏರಿಕೆಯ ಬೆನ್ನಿಗೇ, ಲಾಟರಿಯಿಂದ ಆರಿಸಿದ ಕೆಲವರನ್ನು ಹೆಸರು ಗುಟ್ಟಾಗಿಟ್ಟು ಕೇಳಲಾಯಿತು: ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ಸಮಾಧಾನವಿದೆಯೇ? ಹೀಗೆ ಕೇಳಿದ್ದಕ್ಕೇ ಕೆಲಸ ಬಿಡುವವರು, ಗೈರಾಗುವವರು ಕಡಿಮೆಯಾದರು. ತೀರಾ ನಿರಾಸೆಗೊಂಡಿದ್ದವರಲ್ಲೇ ಪರಿಣಾಮ ಹೆಚ್ಚು. ಜೋಪಾನವಾಗಿ ನಡೆಸಿದ, ಮನಸ್ಸು ಕಲಕುವ ಅಧ್ಯಯನ ಇದು. ಆದರೆ ಕೂಲಿ ಏರಿಸುವುದಕ್ಕಿಂತ ಕಷ್ಟ ವಿಚಾರಿಸುವುದು ಅಗ್ಗವೆಂದು ಓದಿಕೊಳ್ಳುವ ಮಾಲೀಕನನ್ನು ತಡೆಯುವ ಮಾತು ಇದರಲ್ಲಿಲ್ಲ. ಪಿಎಫ್ ನಿಯಮ ಬದಲಿಸಿದ್ದನ್ನು ವಿರೋಧಿಸಿ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಅದೂ ದನಿಯೇ. ಅದರ ಫಲ ಅವರ ಪಿಎಫ್ ಖಾತೆಗೆ ಸಂಬಂಧಿಸಿದ್ದು, ಕಂಪನಿಯ ಹಾಜರಿ ಪುಸ್ತಕಕ್ಕಲ್ಲ.

ಕಾರ್ಖಾನೆ ಬಾಗಿಲು ತೆರೆಯದೆ ಇಂಥ ಪ್ರಯೋಗ ಸಾಧ್ಯವಿಲ್ಲ. ಸಂಶೋಧಕರು ಮತ್ತು ಶಾಹಿಯವರು ಸೇರಿ 2017ರಲ್ಲಿ ಗುಡ್ ಬಿಸಿನೆಸ್ ಲ್ಯಾಬ್ ಕಟ್ಟಿದರು. ಬಾಗಿಲು ತೆರೆದ ಕಂಪನಿಯನ್ನು ಮೆಚ್ಚಲೇಬೇಕು, ಎಷ್ಟೋ ಕಂಪನಿಗಳು ಅಷ್ಟೂ ಮಾಡುವುದಿಲ್ಲ. ಆದರೆ ಬಾಗಿಲು ತೆರೆದವರಿಗೆ ಹಿತವಾದ ಪ್ರಶ್ನೆಗಳೇ ಮೊದಲು ಕೇಳಲ್ಪಡುತ್ತವೆ ಎಂಬುದೂ ನಿಜ. ನೌಕರರ ಹಿತದಿಂದ ಕಂಪನಿಗೆ ಲಾಭವಿದೆಯೇ ಎಂದು ಹತ್ತು ಬಗೆಯಲ್ಲಿ ಕೇಳಿದ್ದಾಯಿತು. ಹೆಚ್ಚಿದ ಲಾಭದಲ್ಲಿ ಒಂದು ಪಾಲನ್ನು ಕೂಲಿಗೆ ಸೇರಿಸಿದರೆ ಏನಾಗುತ್ತದೆ, ತರಬೇತಿ ಪಡೆದಾಕೆ ಮೂರು ವರ್ಷದ ಮೇಲೆ ಎಲ್ಲಿರುತ್ತಾಳೆ, ಸೂಪರ್‌ವೈಸರ್ ಆಗಿದ್ದಾಳೆಯೇ ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ, ಲಾಟರಿ ಹಾಕಿ ಪರೀಕ್ಷಿಸಬೇಕು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳ ಮಾಲೀಕರು ಮುಂದಿನ ಸಲ ಸಂಶೋಧಕರನ್ನು ಒಳಗೆ ಕರೆದಾಗ ಈ ಪ್ರಶ್ನೆಗಳಿಗೂ ಒಪ್ಪಿಗೆ ಕೊಡಲಿ.